ಉಡಿ ತುಂಬಿಕೊಂಡು ಪರೀಕ್ಷೆಗೆ

ತಂಗಿಯ ಪರೀಕ್ಷೆಯೂ ರಾಂಪುರದ ತೊಟ್ಟಿಲ ಶಾಸ್ತ್ರವೂ ಒಂದೇ ದಿನ ಬಿದ್ದವು. ತೊಟ್ಟಿಲು ಬೆಳಿಗ್ಗೆ ರಾಂಪುರದಲ್ಲಿ, ಪರೀಕ್ಷೆ ಮಧ್ಯಾಹ್ನ ಚಳ್ಳಕೆರೆಯಲ್ಲಿ. ಎರಡರ ನಡುವೆ ಬಳ್ಳಾರಿ ಕಡೆಯಿಂದ ಬರುವ ಬಸ್ಸು. ಕಾಗದದ ಮೇಲೆ ನೋಡಿದರೆ ಎರಡನ್ನೂ ಮುಗಿಸಬಹುದಿತ್ತು. ನಾನು ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವಳು. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಸಮಯಕ್ಕೂ ಕಾರ್ಯಕ್ರಮ ಶುರುವಾಗುವ ಸಮಯಕ್ಕೂ ಇರುವ ದೂರ ನನಗೆ ಗೊತ್ತು. ಅದನ್ನು ತಂಗಿಗೆ ಹೇಳಿದೆ. ಅವಳಿಗೂ ಗೊತ್ತಿತ್ತು.

ಅವಳನ್ನು ಮೊಳಕಾಲ್ಮುರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಶೇಂಗಾ ಬೆಳೆಯುವ ಹೊಲ ಮತ್ತು ಒಂದಷ್ಟು ಕುರಿ ಇರುವ ಮನೆ. ಮದುವೆಯಾದ ಮೇಲೆ ಅವಳು ಚಳ್ಳಕೆರೆಯಲ್ಲಿ ಒಂದು ವರ್ಷದ ಕಂಪ್ಯೂಟರ್ ಆಪರೇಟರ್ ತರಬೇತಿಗೆ ಸೇರಿದಳು. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಅವಳ ಅತ್ತೆ ಇದಕ್ಕೆ ಒಪ್ಪಿದರು, ಆದರೆ ಒಂದು ಮಾತು ಹೇಳಿಯೇ ಒಪ್ಪಿದರು. ಆ ಮಾತು ಹೇಳುವಾಗ ನಾನು ಅಲ್ಲೇ ಕುಳಿತಿದ್ದೆ.

"ಒಂದು ವರ್ಷ ಹೋಗವ್ವಾ. ಮುದ್ದೆ ನಾನು ತಿರುವ್ತೀನಿ, ಕುರಿ ನಿನ್ನ ಗಂಡ ನೋಡ್ಕೊಂತಾನೆ. ಪಾಸಾದ್ರೆ ಕೆಲಸ ಹುಡುಕು, ನಾನು ಬ್ಯಾಡ ಅನ್ನಲ್ಲ. ಫೇಲಾಗಿ ಇನ್ನೊಂದು ವರ್ಷ ಅಂತ ಮಾತ್ರ ಬರಬ್ಯಾಡ. ನನ್ನ ಮಂಡಿ ತಡ್ಯಲ್ಲ."

ಹಾಗಾಗಿ ಪಾಸಾಗಲು ಅವಳಿಗೆ ಇದ್ದದ್ದು ಒಂದೇ ಅವಕಾಶ. ಟೈಪಿಂಗ್, ಕಡತ ಜೋಡಿಸುವುದು, ಪತ್ರ ಸಿದ್ಧಪಡಿಸುವುದು ಎಲ್ಲ ಅವಳಿಗೆ ಸಲೀಸು. ತೊಡಕಾಗಿದ್ದು ಬೇಸಿಕ್. ಇದು ಹಳೆಯ ಕಾಲದ, ಕಲಿಯುವವರಿಗೆಂದೇ ಮಾಡಿದ ಪ್ರೋಗ್ರಾಮಿಂಗ್ ಭಾಷೆ. ಈಗಲೂ ಎಕ್ಸೆಲ್‌ನ ಒಳಗೆ ಮ್ಯಾಕ್ರೋ ಎಂಬ ಹೆಸರಿನಲ್ಲಿ ಬದುಕಿದೆ. ಪತ್ರಿಕೆಯಲ್ಲಿದ್ದಾಗ ಚುನಾವಣಾ ಫಲಿತಾಂಶ ಜೋಡಿಸಲು ನಾನು ಅದನ್ನು ಕಲಿತಿದ್ದೆ. ಅದಕ್ಕೇ ಪರೀಕ್ಷೆಗೆ ಮುಂಚಿನ ಭಾನುವಾರಗಳಲ್ಲಿ ತಂಗಿ ಚಳ್ಳಕೆರೆಯ ನಮ್ಮ ಮನೆಗೆ ಬಂದು ನನ್ನ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು.

ತರಬೇತಿಯಲ್ಲಿ ಕೊಟ್ಟ ಅಭ್ಯಾಸ ಹೀಗಿತ್ತು. ಒಂದು ಶಾಲೆ. ಒಂದರಿಂದ ಐದರವರೆಗೆ ತರಗತಿಗಳು. ಪ್ರತಿ ತರಗತಿಯಲ್ಲೂ ಮಕ್ಕಳ ಹೆಸರು. ಒಂದು ಮಗುವಿನ ಹೆಸರು ಹೇಳಿದರೆ ಅದು ಯಾವ ತರಗತಿಯಲ್ಲಿದೆ ಎಂದು ಕಂಪ್ಯೂಟರ್ ಹುಡುಕಿ ಹೇಳಬೇಕು. ಇದಕ್ಕೆ ಎರಡು ಲೂಪ್ ಬೇಕು. ಲೂಪ್ ಎಂದರೆ ಒಂದೇ ಕೆಲಸವನ್ನು ಸಾಲಾಗಿ ಮತ್ತೆ ಮತ್ತೆ ಮಾಡುವ ಸುತ್ತು. ಹೊರಗಿನ ಸುತ್ತು ತರಗತಿಯಿಂದ ತರಗತಿಗೆ ಹೋಗುತ್ತದೆ. ಒಳಗಿನ ಸುತ್ತು ಆ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡುತ್ತದೆ. ಮಗು ಸಿಕ್ಕರೆ ಅಲ್ಲಿಗೇ ನಿಲ್ಲಿಸಬಹುದು. ಹಾಗೆ ನಡುವೆ ಹೊರಬರಲು ಎಕ್ಸಿಟ್ ಫಾರ್ ಎಂದು ಬರೆಯಬೇಕು.

ತಂಗಿ ಅದನ್ನು ಬರೆಯಲೇ ಇಲ್ಲ. ಮಗು ಎರಡನೇ ತರಗತಿಯಲ್ಲೇ ಸಿಕ್ಕರೂ ಅವಳ ಪ್ರೋಗ್ರಾಂ ಉಳಿದವರನ್ನೆಲ್ಲ ಮಾತಾಡಿಸಿಕೊಂಡೇ ಹೋಗುತ್ತಿತ್ತು.

"ಸಿಕ್ತಲ್ಲ, ಇನ್ನೂ ಯಾಕೆ ಸುತ್ತಿಸ್ತೀಯ?" ಎಂದು ಕೇಳಿದೆ.

"ಇರ್ಲಿ ಬಿಡಕ್ಕ. ಶುರು ಮಾಡಿದ ಮೇಲೆ ಕೊನೇ ತಂಕ ಹೋಗ್ಲಿ. ನಡುವೆ ಎದ್ದು ಬಂದ್ರೆ ಏನಂದ್ಕೊಂತಾರೆ?"

"ಯಾರು ಅಂದ್ಕೊಳ್ಳೋದು?"

"ಉಳಿದ ಮಕ್ಕಳು."

ನಾನು ನಕ್ಕೆ. ಅವಳು ನಗಲಿಲ್ಲ. ನಮ್ಮ ಕಡೆ ಊಟದ ಸಾಲಿನಲ್ಲಿ ಕೂತವರು ಪಕ್ಕದವರ ಊಟ ಮುಗಿಯದೆ ಏಳುವುದಿಲ್ಲ. ನೆಂಟರ ಮನೆಯಿಂದ ಹೊರಡುವುದಾದರೆ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಹೊರಡಬೇಕು. ಸಿಕ್ಕ ಕೂಡಲೇ ಎದ್ದು ಹೋಗು ಎಂದು ಬರೆಯಲು ಅವಳ ಕೈ ಏಳುತ್ತಿರಲಿಲ್ಲ.

ಕೊನೆಗೆ ಬರೆದಳು. ಓಡಿಸಿದಳು. ಮಗು ಆರನೇ ತರಗತಿಯಲ್ಲಿದೆ ಎಂದು ಪರದೆಯ ಮೇಲೆ ಬಂತು.

"ಐದೇ ಕ್ಲಾಸಿರೋ ಶಾಲೆ ಕಣೇ," ಎಂದೆ.

"ಪಾಸಾಗೈತೆ ಅಂತ ಕಾಣ್ತೈತೆ," ಎಂದಳು.

ಆದದ್ದು ಇಷ್ಟು. ಎಕ್ಸಿಟ್ ಫಾರ್ ಒಂದು ಸುತ್ತಿನಿಂದ ಮಾತ್ರ ಹೊರಗೆ ತರುತ್ತದೆ. ಮಗು ಸಿಕ್ಕ ಕೂಡಲೇ ಒಳಗಿನ ಸುತ್ತು ನಿಂತಿತ್ತು. ಹೊರಗಿನ ಸುತ್ತಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅದು ತನ್ನ ಪಾಡಿಗೆ ಮೂರು, ನಾಲ್ಕು, ಐದು ಎಂದು ಹೋಗಿ, ಐದನ್ನೂ ದಾಟಿ, ಇಲ್ಲದ ಆರರಲ್ಲಿ ನಿಂತಿತ್ತು. ಸುತ್ತು ಮುಗಿದ ಮೇಲೆ ಎಣಿಕೆ ಒಂದು ಹೆಜ್ಜೆ ಮುಂದೆ ಇರುವುದು ಬೇಸಿಕ್‌ನ ಪದ್ಧತಿ.

ಅವಳು ಸಿಟ್ಟಿಗೆದ್ದು ಎಕ್ಸಿಟ್ ಸಬ್ ಎಂದು ಬರೆದಳು. ಇದು ಸುತ್ತುಗಳನ್ನಷ್ಟೇ ಅಲ್ಲ, ಇಡೀ ಪ್ರೊಸೀಜರನ್ನೇ, ಅಂದರೆ ಶುರುವಿನಿಂದ ಕೊನೆಯವರೆಗಿನ ಆ ಕೆಲಸವನ್ನೇ, ಅಲ್ಲಿಗೆ ಬಿಟ್ಟು ಹೊರಡುತ್ತದೆ. ಓಡಿಸಿದಳು. ಪರದೆಯ ಮೇಲೆ ಏನೂ ಬರಲಿಲ್ಲ. ಉತ್ತರ ತೋರಿಸುವ ಸಾಲು ಕೊನೆಯಲ್ಲಿತ್ತು. ಪ್ರೋಗ್ರಾಂ ಅಲ್ಲಿಯವರೆಗೆ ಬರದೆಯೇ ಎದ್ದು ಹೋಗಿತ್ತು.

"ಮಗು ಸಿಕ್ಕೈತೆ," ಎಂದಳು ತಂಗಿ. "ಸಿಕ್ಕಿದ್ದು ಅದಕ್ಕೊಂದಕ್ಕೇ ಗೊತ್ತು."

ಮೂರನೆಯ ದಾರಿ ತೋರಿಸಿದೆ. ಒಂದು ಗುರುತು ಇಟ್ಟುಕೊಳ್ಳಬೇಕು. ಶುರುವಿನಲ್ಲಿ ಅದು ಸುಳ್ಳು. ಮಗು ಸಿಕ್ಕ ಕ್ಷಣ ಅದನ್ನು ನಿಜ ಎಂದು ಮಾಡಿ ಒಳಗಿನ ಸುತ್ತಿನಿಂದ ಬರಬೇಕು. ಹೊರಗಿನ ಸುತ್ತು ಆ ಗುರುತನ್ನು ನೋಡಿ ತಾನೂ ನಿಲ್ಲುತ್ತದೆ. ಆಮೇಲೆ ಉತ್ತರ ಹೇಳುವ ಸಾಲು ಬರುತ್ತದೆ, ಕೆಲಸ ಕ್ರಮವಾಗಿ ಮುಗಿಯುತ್ತದೆ. ಅವಳು ಬರೆದಳು. ಎರಡನೇ ತರಗತಿ ಎಂದು ಸರಿಯಾಗಿ ಬಂತು.

ಆದರೆ ಬಾಯಿಪಾಠ ಮಾಡಿದ್ದಳು ಅಷ್ಟೇ. ಪರೀಕ್ಷೆಯಲ್ಲಿ ಬರೆದರೆ ಸಾಲದು, ಪರೀಕ್ಷಕರು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಾರೆ. ನಾನೇ ಪರೀಕ್ಷಕಿಯಾಗಿ ಗುರುತು ಯಾಕೆ ಬೇಕು ಎಂದು ಕೇಳಿದಾಗಲೆಲ್ಲ ಅವಳು "ನೀನು ಹೇಳಿದ್ದಕ್ಕೆ" ಎನ್ನುತ್ತಿದ್ದಳು. ಆ ಉತ್ತರಕ್ಕೆ ಅಂಕ ಕೊಡುವ ಪರೀಕ್ಷಕರು ನನಗೆ ತಿಳಿದ ಮಟ್ಟಿಗೆ ಇಲ್ಲ.

ಇನ್ನು ರಾಂಪುರದ ವಿಷಯ. ಅಲ್ಲಿರುವುದು ತಂಗಿಯ ಅತ್ತೆಯ ಅಕ್ಕ. ತಂಗಿ ಅವರನ್ನು ದೊಡ್ಡತ್ತೆ ಎನ್ನುತ್ತಾಳೆ. ಅವರ ಮಗನ ಕೂಸಿಗೆ ತೊಟ್ಟಿಲು. ಹೋಗದೇ ಇರುವ ಮಾತೇ ಇಲ್ಲ, ಹೊಸ ಸೊಸೆ ಮುಖ ತೋರಿಸಲೇಬೇಕು. ಮುಖ ತೋರಿಸಿ, ಕುಂಕುಮ ಇಡಿಸಿಕೊಂಡು, ಬಸ್ಸು ಹತ್ತುವುದು ಎಂದು ಅತ್ತೆ ಸೊಸೆ ಮಾತಾಡಿಕೊಂಡರು. ನಾನು ಹಿಂದಿನ ದಿನವೇ ಅವರ ಹಳ್ಳಿಗೆ ಹೋದೆ. ಬೆಳಿಗ್ಗೆ ಮೂವರೂ ರಾಂಪುರಕ್ಕೆ ಹೋದೆವು. ಹಾಲ್ ಟಿಕೆಟ್ ನನ್ನ ಕೈಚೀಲದಲ್ಲಿತ್ತು.

ಮನೆಗೆ ಕಾಲಿಟ್ಟ ಕೂಡಲೇ ಎರಡು ಸಂಗತಿ ತಿಳಿದವು. ಕೂಸು ಮಲಗಿತ್ತು. ಕೂಸಿನ ಸೋದರತ್ತೆ, ಅಂದರೆ ಕಿವಿಯಲ್ಲಿ ಹೆಸರು ಹೇಳಬೇಕಾದವಳು, ಬಳ್ಳಾರಿಯಿಂದ ಇನ್ನೂ ಬಂದಿರಲಿಲ್ಲ. ಮಲಗಿದ ಕೂಸನ್ನು ಎಬ್ಬಿಸಬಾರದು. ಸೋದರತ್ತೆ ಇಲ್ಲದೆ ಹೆಸರಿಡಬಾರದು. ಆದ್ದರಿಂದ ಎಲ್ಲರೂ ಹರಟೆ ಹೊಡೆಯುತ್ತಾ ಕೂತಿದ್ದರು.

ತಂಗಿ ಮೊದಲು ಅಡುಗೆಮನೆಗೆ ಹೋದಳು. ದೊಡ್ಡತ್ತೆ ಹಂಚಿನ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದರು. ಆಂಧ್ರದ ಗಡಿ ಹತ್ತಿರದ ಮನೆ, ಅವರ ಮಾತಿನಲ್ಲಿ ತೆಲುಗು ಬೆರೆತೇ ಬರುತ್ತದೆ.

"ದಾ ತಲ್ಲೀ, ಕೂಚೋ."

"ಕೂರಲ್ಲ ದೊಡ್ಡತ್ತೆ, ಹೊರಡ್ತೀನಿ. ಪರೀಕ್ಷೆ ಐತೆ."

"ಹೊರಡ್ತೀಯಾ? ಇನ್ನಾ ನಿನ್ನ ಚಪ್ಪಲಿ ಕಾವು ಆರಿಲ್ಲ. ಒಂದು ಹೋಳಿಗೆ ತಿನ್ನು, ಆಮ್ಯಾಲೆ ಹೊರಡು."

ತಿಂದಳು. ಒಂದು ತಿಂದವರಿಗೆ ಇನ್ನೊಂದು ಹಾಕುವುದು ಆ ಮನೆಯ ಪದ್ಧತಿ, ಅದನ್ನೂ ತಿಂದಳು. ದೊಡ್ಡತ್ತೆ ಆಗಲಿ ಹೋಗಿ ಬಾ ಎಂದರು. ತಂಗಿ ಖುಷಿಯಿಂದ ಪಡಸಾಲೆಗೆ ಬಂದಳು. ಅಲ್ಲಿ ವಯಸ್ಸಾದ ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕುಳಿತಿದ್ದರು.

"ಇವಳೇನಾ ಕಂಪ್ಯೂಟರ್ ಓದೋಳು? ಬಾ ಇಲ್ಲಿ. ನನ್ನ ಮೊಬೈಲ್ನಾಗೆ ಫೋಟೋ ತುಂಬ್ಯಾವೆ ಅಂತೈತೆ, ಏನು ನೋಡು."

ಫೋಟೋ ಅಳಿಸಿಕೊಟ್ಟಳು. ಪಕ್ಕದವರು ತಮ್ಮ ಮೊಬೈಲನ್ನೂ ಚಾಚಿದರು. ಅವರ ಪಕ್ಕದವರು ರವಿಕೆಯೊಳಗಿಂದ ತೆಗೆದರು. ಸಾಲು ಮುಗಿಸಿ ಚಪ್ಪರಕ್ಕೆ ಬಂದರೆ ಕೂಸಿನ ತಾಯಿಯ ತವರಿನವರು. ಅವರು ಕಾಫಿ ಕೊಡದೆ ಬಿಡುವಂತಿಲ್ಲ, ಇವಳು ಕುಡಿಯದೆ ಹೋಗುವಂತಿಲ್ಲ. ಲೋಟ ತುಟಿಗೆ ತಾಗುವಷ್ಟರಲ್ಲಿ ಒಳಗಿಂದ ಯಾರೋ ಕೂಗಿದರು: "ಆ ಹುಡ್ಗಿ ಇನ್ನಾ ಐತಾ? ಇದ್ರೆ ಒಂದು ಚೆಂಬು ನೀರು ತರ್ಲಿ."

ನೀರು ತೆಗೆದುಕೊಂಡು ಮತ್ತೆ ಅಡುಗೆಮನೆ. ಮತ್ತೆ ಹೋಳಿಗೆ. ಮತ್ತೆ ಪಡಸಾಲೆ.

ನಾನು ಚಪ್ಪರದ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದೆ. ಯಾರೂ ಅವಳನ್ನು ತಡೆಯುತ್ತಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಕೇಳಿದವರೆಲ್ಲ ಸಂತೋಷದಿಂದ ಹೋಗು ಎಂದೇ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಸಿಕ್ಕ ಅಪ್ಪಣೆ ಪಡಸಾಲೆಗೆ ಗೊತ್ತಿರಲಿಲ್ಲ, ಪಡಸಾಲೆಯದು ಚಪ್ಪರಕ್ಕೆ ಗೊತ್ತಿರಲಿಲ್ಲ, ಅಷ್ಟೇ.

ಬಸ್ಸಿನ ಹೊತ್ತು ಹತ್ತಿರವಾಯಿತು. ಅದು ತಪ್ಪಿದರೆ ಮುಂದಿನದು ಚಳ್ಳಕೆರೆ ಮುಟ್ಟುವಷ್ಟರಲ್ಲಿ ಪರೀಕ್ಷಾ ಕೊಠಡಿಯ ಬಾಗಿಲು ಹಾಕಿರುತ್ತಿತ್ತು. ತಂಗಿಯನ್ನು ಹಿತ್ತಲಿಗೆ ಕರೆದೆ.

"ಇಲ್ಲಿಂದ ಹಂಗೇ ನಡೀ. ಹಿತ್ತಲ ಬಾಗಿಲು ತೆಗೆದೇ ಐತೆ, ರೋಡು ಅಲ್ಲೇ ಕಾಣ್ತೈತೆ. ಯಾರಿಗೂ ಹೇಳೋದು ಬ್ಯಾಡ."

ಅವಳು ಬಾಗಿಲಿನತ್ತ ನೋಡಿದಳು. ನಿಜವಾಗಿಯೂ ಎರಡು ಹೆಜ್ಜೆ ಹಾಕಿದಳು. ಆಮೇಲೆ ನಿಂತಳು.

"ಆಗಲ್ಲಕ್ಕ. ನಾನು ಹೋಗಿದ್ದು ಯಾರಿಗೂ ಗೊತ್ತಾಗಲ್ಲ. ಕುಂಕುಮಾನೂ ಇಡಿಸ್ಕೊಳ್ಳಲಿಲ್ಲ ಅಂತಾರೆ. ನಾನು ಪರೀಕ್ಷೆ ಬರ್ಕೊಂಡು ಅರಾಮಿರ್ತೀನಿ, ಇಲ್ಲಿ ಎಲ್ರೂ ಕೇಳೋದು ನಮ್ಮತ್ತೇನ."

"ಮತ್ತೇನು ಮಾಡ್ತೀಯ?"

ಅವಳು ರುಬ್ಬುಗುಂಡಿನ ಪಕ್ಕ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತುತ್ತಾ ಸುತ್ತುತ್ತಾ ಕೈ ನಿಲ್ಲಿಸಿದಳು.

"ಉಡಿ ತುಂಬಿಸ್ಕೊಂಡು ಬಿಡ್ತೀನಿ," ಎಂದಳು.

ಶುಭಕಾರ್ಯಕ್ಕೆ ಬಂದ ಮುತ್ತೈದೆಯರಿಗೆ ಕೊನೆಯಲ್ಲಿ ಉಡಿ ತುಂಬುತ್ತಾರೆ. ಸೆರಗೊಡ್ಡಿಸಿ ಅಕ್ಕಿ, ಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಬಟ್ಟೆ ಹಾಕುತ್ತಾರೆ. ಅದನ್ನು ಗಂಟು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸು ಹೊರಟವಳು ಎಂದೇ ಲೆಕ್ಕ. ಆಮೇಲೆ ಅವಳನ್ನು ಯಾರೂ ಮತ್ತೆ ಕೂರಿಸುವುದಿಲ್ಲ, ಕೆಲಸ ಹೇಳುವುದಿಲ್ಲ. ಬಾಯಿಬಿಟ್ಟು ಹೊರಡ್ತೀನಿ ಎನ್ನುವ ಅಗತ್ಯವೇ ಇಲ್ಲ. ನೋಡಿದವರು ದಾರಿ ಬಿಡುತ್ತಾರೆ.

ನನಗೆ ಹೊಳೆಯುವ ಮೊದಲೇ ಅವಳಿಗೆ ಹೊಳೆಯಿತು. ಅವಳು ನನ್ನ ಮುಖ ನೋಡಿ ನಕ್ಕಳು. "ನಿನ್ನ ಗುರುತು ಇದೇ ತಾನೇ?"

ಹೌದು ಎಂದೆ.

ಆದರೆ ಉಡಿಗೆ ಕ್ರಮ ಇದೆ. ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ತುಂಬಬೇಕು. ಹಿರಿಯರಿಂದ ಶುರುವಾಗಬೇಕು. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಾಗ ದೊಡ್ಡತ್ತೆ ಸಟ್ಟುಗ ಎತ್ತಿ ಹಿಡಿದರು.

"ಕೂಸೇ ಇನ್ನಾ ಎದ್ದಿಲ್ಲ, ನಿನಗ್ಯಾಕೆ ಉಡಿ? ತೊಟ್ಟಿಲು ತೂಗೋಕೆ ಬಂದ್ಯೋ, ಕಾಯಿ ತಗಂಡು ಹೋಗೋಕೆ ಬಂದ್ಯೋ?"

ಹಂಚಿನ ಸುತ್ತ ಇದ್ದವರೆಲ್ಲ ನಕ್ಕರು. ತಂಗಿಯೂ ನಕ್ಕಳು, ಆದರೆ ಕಣ್ಣು ತುಂಬಿತ್ತು. ಆಗ ಅವಳ ಅತ್ತೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು.

"ಅಕ್ಕಾ, ಕೂಸು ಏಳೋ ತಂಕ ಬಸ್ಸು ನಿಲ್ಲಲ್ಲ. ಹಿರೇರಿಂದ ಶುರು ಅಂದ್ರೆ ಈ ಮನೆಯಾಗೆ ನಿನ್ನ ಬಿಟ್ರೆ ನಾನು. ನನ್ನ ಸರದಿ ಅವಳಿಗೆ ಕೊಟ್ಟೀನಿ. ತುಂಬು."

"ಸರದಿ ಕೊಡೋದು ಯಾವ ಊರ ಪದ್ಧತಿನೇ?"

"ಇವತ್ತಿಂದ ನಮ್ಮೂರದ್ದು. ಒಂದು ವರ್ಷ ಮುದ್ದೆ ತಿರುವೀನಿ ನಾನು. ಇವಳು ಪರೀಕ್ಷೆ ತಪ್ಪಿಸ್ಕೊಂಡ್ರೆ ಆ ಮುದ್ದೆ ಎಲ್ಲಾ ದಂಡ. ನೀನು ಬಂದು ತಿರುವ್ತೀಯಾ?"

ದೊಡ್ಡತ್ತೆ ಅತ್ತೆಯ ಮಂಡಿಯ ಕಡೆ ಒಮ್ಮೆ ನೋಡಿದರು. ತಮ್ಮ ಸ್ವಂತ ತಂಗಿಯ ಮಂಡಿ, ಆ ನೋವು ಅವರಿಗೆ ಗೊತ್ತು. ಎದ್ದು ಕೈತೊಳೆದು ಅಕ್ಕಿಯ ಮೊರ ತೆಗೆದುಕೊಂಡರು. ನನ್ನ ತಂಗಿ ಸೆರಗೊಡ್ಡಿದಳು. ಅಕ್ಕಿ ಬಿತ್ತು, ಕಾಯಿ ಬಿತ್ತು, ಎಲ್ಲವೂ ಬಿತ್ತು. ಗಂಟು ಕಟ್ಟುವಾಗ ದೊಡ್ಡತ್ತೆಗೆ ಏನೋ ನೆನಪಾಯಿತು.

"ಉಡಿ ತುಂಬ್ಕೊಂಡೋಳು ಸೀದಾ ತನ್ನ ಮನೆಗೆ ಹೋಗ್ಬೇಕು. ನಡುವೆ ಇನ್ನೊಬ್ರ ಮನೆ ಹೊಸ್ತಿಲು ದಾಟಂಗಿಲ್ಲ. ಚಳ್ಳಕೆರೆಗೆ ಹೆಂಗೆ ಹೋಗ್ತೀಯ?"

ಹಂಚಿನ ಮೇಲಿನ ಹೋಳಿಗೆ ಸೀಯುವ ವಾಸನೆ ಬಂತು. ಇದನ್ನು ನಾವು ಮೂವರೂ ಮರೆತಿದ್ದೆವು. ಗುರುತು ಹಾಕಿಕೊಂಡ ಮೇಲೆ ಅದರ ಜೊತೆಗೆ ಬರುವ ನಿಯಮವನ್ನೂ ಒಪ್ಪಬೇಕಲ್ಲ.

"ಅದು ಮನೆ ಅಲ್ರೀ," ಎಂದೆ ನಾನು. "ಪರೀಕ್ಷೆ ಬರೆಯೋ ಕಟ್ಟಡ."

"ಏ ಪೇಪರಮ್ಮಾ, ಕಟ್ಟಡಕ್ಕೆ ಬಾಗಿಲೈತಿಲ್ಲೋ? ಹೊಸ್ತಿಲೈತಿಲ್ಲೋ?" ಎಂದರು ದೊಡ್ಡತ್ತೆ. ಪತ್ರಿಕೆಯಲ್ಲಿದ್ದವಳು ಎಂದು ಆ ಮನೆಯಲ್ಲಿ ನನಗೆ ಅದೇ ಹೆಸರು.

ತೀರ್ಪು ಕೊಟ್ಟದ್ದು ತಂಗಿಯ ಅತ್ತೆ. "ಆ ಹೊಸ್ತಿಲಿಗೆ ಬೆಳಿಗ್ಗೆ ಯಾರಾದ್ರೂ ಅರಿಶಿನ ಕುಂಕುಮ ಹಚ್ತಾರಾ?" ಎಂದು ನನ್ನನ್ನು ಕೇಳಿದರು.

"ಇಲ್ಲ. ಜವಾನ ಬೀಗ ತೆಗೀತಾನೆ ಅಷ್ಟೇ."

"ಹಂಗಾರೆ ಅದು ಮನೆ ಅಲ್ಲ. ಅದು ಬಸ್ಟ್ಯಾಂಡ್ ಇದ್ದಂಗೆ. ಆದ್ರೆ ಕೇಳಲೇ ಹುಡ್ಗಿ, ನಿಮ್ಮಕ್ಕನ ಮನೆಗೆ ಕಾಲಿಡಬ್ಯಾಡ, ಉಡಿ ಗಂಟು ಬಿಚ್ಚಬ್ಯಾಡ. ಪರೀಕ್ಷೆ ಮುಗಿಸಿ ಸೀದಾ ಬಾ. ನಾನು ಸಂಜೆಗೆ ಒಲೆ ಹಚ್ಚಿ ಕೂತಿರ್ತೀನಿ, ಆ ಅಕ್ಕಿ ಇವತ್ತೇ ಬೇಯಬೇಕು."

ಮುಂದಿನದನ್ನು ನೋಡುವುದು ಒಂದು ಸಂತೋಷ. ತಂಗಿ ಕುಂಕುಮ ಇಡಿಸಿಕೊಂಡು ಅಡುಗೆಮನೆಯಿಂದ ಹೊರಟಳು. ಪಡಸಾಲೆಯಲ್ಲಿ ಒಬ್ಬರು ಮೊಬೈಲ್ ಎತ್ತಿದವರು ಅವಳ ಸೊಂಟದ ಗಂಟು ಕಂಡು ಕೈ ಇಳಿಸಿದರು. "ಉಡಿ ತುಂಬೈತೆ, ಕಾಲು ಮಡಚ್ಕೊಳ್ರೇ," ಎಂದು ಇನ್ನೊಬ್ಬರು ಹೇಳಿದರು. ಚಾಪೆಯ ಮೇಲಿನ ಕಾಲುಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಚಪ್ಪರದಲ್ಲಿ ಕಾಫಿ ಹಿಡಿದು ಬರುತ್ತಿದ್ದವನು ಪಕ್ಕಕ್ಕೆ ತಿರುಗಿದ. ಅವಳು ಯಾರ ಹತ್ತಿರವೂ ನಿಲ್ಲಲಿಲ್ಲ. ಎಲ್ಲರೂ ಅವಳನ್ನು ಕಂಡರು, ಎಲ್ಲರೂ ಕೈ ಎತ್ತಿ ಹರಸಿದರು. ಮೂರು ಸುತ್ತುಗಳನ್ನೂ ಒಂದೇ ನಡಿಗೆಯಲ್ಲಿ ದಾಟಿ ನಾವು ರಸ್ತೆಗೆ ಬಂದೆವು.

ಬಳ್ಳಾರಿ ಬಸ್ಸು ಬಂತು. ಅದರಿಂದ ಇಳಿದವಳು ಕೂಸಿನ ಸೋದರತ್ತೆ. ತಂಗಿಯ ಉಡಿ ಕಂಡು ಅವಳ ಮುಖ ಸಪ್ಪಗಾಯಿತು.

"ಅಯ್ಯೋ, ಮುಗಿದೇ ಹೋಯ್ತಾ? ಹೆಸರು ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ, ನಿಮಗೇ ಕಾಯ್ತಾವ್ರೆ, ಓಡಿ!" ಎಂದು ತಂಗಿ ಬಸ್ಸಿನ ಮೆಟ್ಟಿಲಿನಿಂದಲೇ ಕೂಗಿದಳು. ಉಡಿ ತುಂಬಿಕೊಂಡ ಹೆಣ್ಣುಮಗಳೆಂದು ಒಬ್ಬ ಹಿರಿಯರು ಎದ್ದು ಸೀಟು ಕೊಟ್ಟರು. ದಾರಿಯಲ್ಲಿ ಸಿಗುವ ಹಾನಗಲ್ ಎಂಬ ಊರು ದಾಟುವವರೆಗೆ ಅವಳ ತುಟಿ ಅಲ್ಲಾಡುತ್ತಲೇ ಇತ್ತು. ಒಳಗೇ ಏನನ್ನೋ ಹೇಳಿಕೊಳ್ಳುತ್ತಿದ್ದಳು. ತಳಕು ಬಂದಾಗ ನನ್ನ ಕಡೆ ತಿರುಗಿ, "ಈಗ ಕೇಳು, ಗುರುತು ಯಾಕೆ ಬೇಕು ಅಂತ," ಎಂದಳು. ನಾನು ಕೇಳಲಿಲ್ಲ. ಹೇಳಬೇಕಾದವರ ಮುಂದೆಯೇ ಹೇಳಲಿ ಎಂದುಕೊಂಡೆ.

ಚಳ್ಳಕೆರೆಯಲ್ಲಿ ಇಳಿದು ನಮ್ಮ ಮನೆಯ ಬೀದಿಯ ಮುಂದೆಯೇ ಹಾದು ಪರೀಕ್ಷೆಗೆ ಹೋದೆವು. ಬಾಗಿಲವರೆಗೆ ಮಾತ್ರ ನನಗೆ ಪ್ರವೇಶ. ಆದ್ದರಿಂದ ಇಲ್ಲಿಂದ ಮುಂದಿನದು ನಾನು ಕಂಡದ್ದಲ್ಲ, ತಂಗಿ ಹೇಳಿದ್ದು. ಅವಳ ಪಕ್ಕದ ಕಂಪ್ಯೂಟರಿನಲ್ಲಿ ಕುಳಿತಿದ್ದ ಪರಶುರಾಂಪುರದ ಹುಡುಗಿಯನ್ನೂ ಆಮೇಲೆ ಬೇರೆಯಾಗಿ ಕೇಳಿದೆ. ಇಬ್ಬರ ಮಾತೂ ಹೊಂದಿಕೆಯಾಯಿತು.

ಕೊಠಡಿಯೊಳಗೆ ಚೀಲ, ಪರ್ಸು, ಮೊಬೈಲ್ ಏನೂ ತರಕೂಡದು. ಮೇಲ್ವಿಚಾರಕರು ಒಬ್ಬೊಬ್ಬರನ್ನೇ ನೋಡಿ ಬಿಡುತ್ತಿದ್ದರು. ತಂಗಿಯ ಸೊಂಟದಲ್ಲಿ ತೆಂಗಿನಕಾಯಿ ಎದ್ದು ಕಾಣುತ್ತಿತ್ತು.

"ಏನಮ್ಮಾ ಅದು?"

"ಉಡಿ ಸಾ."

"ಹೊರಗಿಟ್ಟು ಬಾ."

"ಬಿಚ್ಚಂಗಿಲ್ಲ ಸಾ. ಮನೇಗೆ ಹೋಗಿ ಬಿಚ್ಚಬೇಕು."

"ಏನೇನೈತೆ ಅದ್ರಾಗೆ?"

ಅವಳು ಅಕ್ಕಿಯಿಂದ ಹಿಡಿದು ರವಿಕೆ ಬಟ್ಟೆಯವರೆಗೆ ಎಲ್ಲ ಹೇಳಿದಳು. ಮೇಲ್ವಿಚಾರಕರು ಸಂಕೋಚಪಟ್ಟುಕೊಂಡರು. ಹೆಣ್ಣುಮಗಳ ಉಡಿಯನ್ನು ಬಿಚ್ಚಿಸುವುದಕ್ಕೆ ಅವರಿಗೂ ಮನಸ್ಸಿರಲಿಲ್ಲ, ಬಿಡುವುದಕ್ಕೆ ನಿಯಮವಿರಲಿಲ್ಲ.

"ಕಾಯೊಳಗೆ ಬ್ಲೂಟೂತ್ ಇಲ್ಲ ತಾನೇ?"

"ಅಲ್ಲಾಡಿಸಿ ತೋರಿಸ್ಲಾ ಸಾ? ನೀರು ಮಾತ್ರ ಐತೆ."

ಹಿಂದಿನ ಸಾಲು ನಕ್ಕಿತು. ಅವರೂ ನಕ್ಕು, ಮುಂದಿನ ಸಾಲಿನಲ್ಲಿ, ತಮ್ಮ ಮೇಜಿನ ಎದುರಿಗೇ ಅವಳನ್ನು ಕೂರಿಸಿದರು.

ಪ್ರಶ್ನೆಯಲ್ಲಿ ಶಾಲೆ ಇರಲಿಲ್ಲ, ಗೋದಾಮು ಇತ್ತು. ಹಲವು ಕೋಣೆಗಳು, ಪ್ರತಿ ಕೋಣೆಯಲ್ಲೂ ಹಲವು ಮೂಟೆ. ಒಂದು ಮೂಟೆಯ ಗುರುತು ಸಂಖ್ಯೆ ಕೊಟ್ಟರೆ ಅದು ಯಾವ ಕೋಣೆಯಲ್ಲಿದೆ ಎಂದು ಹೇಳಬೇಕು. ಅವಳು ಬರೆದಳು. ಓಡಿಸಿದಳು. ಸರಿಯಾದ ಕೋಣೆ ಬಂತು. ಪರೀಕ್ಷಕರು ಬಂದು ಹಿಂದೆ ನಿಂತರು. ಹೊರಗಿನಿಂದ ಬಂದ ಹಿರಿಯರು, ಮಾತು ಕಡಿಮೆ.

"ಇಲ್ಲಿ ಎಕ್ಸಿಟ್ ಸಬ್ ಹಾಕಿದ್ರೆ ಒಂದೇ ಸಾಲಲ್ಲಿ ಮುಗೀತಿತ್ತಲ್ಲ? ಇಷ್ಟುದ್ದ ಯಾಕೆ?"

"ಅದು ಹಿತ್ತಲ ಬಾಗಿಲಿಂದ ಹೋದಂಗೆ ಸಾ. ಕೊನೇ ಸಾಲಿನಾಗೆ ಉತ್ತರ ಹೇಳೋದೈತೆ, ಅದನ್ನ ಹೇಳ್ದೆ ಹೋಗಿಬಿಡ್ತೈತೆ."

"ಎಕ್ಸಿಟ್ ಫಾರ್ ಒಂದೇ ಸಾಕಿತ್ತಲ್ಲ?"

"ಅದು ಒಳಗಿನ ಕೋಣೆಯಿಂದ ಮಾತ್ರ ಬಿಡ್ತೈತೆ ಸಾ. ಹೊರಗಿನೋರಿಗೆ ನಾನು ಹೊರಟಿದ್ದು ಗೊತ್ತಿರಲ್ಲ, ಮತ್ತೆ ಕೂರಿಸ್ಕೊಂತಾರೆ. ಅದಕ್ಕೆ ಒಂದು ಗುರುತು ಇಟ್ಕೊಂಡು ಹೊರಟ್ರೆ, ನೋಡಿದೋರೆಲ್ಲ ದಾರಿ ಬಿಡ್ತಾರೆ."

ಪರೀಕ್ಷಕರು ಪರದೆಯತ್ತ ಬಗ್ಗಿ ಅವಳ ಸಾಲುಗಳನ್ನು ಇನ್ನೊಮ್ಮೆ ಓದಿದರಂತೆ. "ಪುಸ್ತಕದಲ್ಲಿ ಹೀಗಿಲ್ಲ," ಎಂದರು. ಆಮೇಲೆ ಹಾಳೆಯಲ್ಲಿ ಏನೋ ಬರೆದುಕೊಂಡು, "ಆದರೆ ಇರೋದು ಹೀಗೇ," ಎಂದರು.

ಮುಗಿಸಿ ಏಳುವಾಗ ಅವಳು ಅಭ್ಯಾಸಬಲದಿಂದ, "ಹೋಗಿ ಬರ್ತೀನಿ ಸಾ," ಎಂದಳು.

"ಹೋಗಮ್ಮಾ, ಮತ್ತೆ ಬರಬೇಡ," ಎಂದರು ಮೇಲ್ವಿಚಾರಕರು. "ಇಲ್ಲಿಗೆ ಎರಡನೇ ಸಲ ಬರೋದು ಫೇಲಾದೋರು."

ಹೊರಗೆ ಬಂದವಳಿಗೆ ನಾನು ನೀರಿನ ಬಾಟಲಿ ಕೊಟ್ಟೆ. ನಮ್ಮ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು, ಅವಳು ಆ ಕಡೆ ತಿರುಗಲಿಲ್ಲ. ಮೊಳಕಾಲ್ಮುರು ಬಸ್ಸು ಹತ್ತಿಸಿದೆ. ಕತ್ತಲಾಗುವ ಮೊದಲು ಫೋನ್ ಬಂತು: ಮುಟ್ಟಿದೆ, ಅನ್ನ ಆಯಿತು, ರಾಂಪುರದ ಕೂಸಿಗೆ ಹೆಸರೂ ಆಯಿತು.

ಫಲಿತಾಂಶ ಬರಲು ಕೆಲವು ವಾರ ಹಿಡಿಯಿತು. ಬಂದ ದಿನ ನಾನು ಅವರ ಹಳ್ಳಿಯಲ್ಲೇ ಇದ್ದೆ. ತಂಗಿ ಮೊಬೈಲಿನಲ್ಲಿ ಸಂಖ್ಯೆ ಒತ್ತಿ, ಪರದೆ ತುಂಬಿಕೊಳ್ಳುವವರೆಗೆ ಕಣ್ಣು ಮುಚ್ಚಿಕೊಂಡಿದ್ದಳು. ನಾನೇ ಓದಿದೆ. ಪಾಸು. ಬೇಸಿಕ್‌ನಲ್ಲಿ ಟೈಪಿಂಗಿಗಿಂತ ಹೆಚ್ಚು ಅಂಕ. ಅವಳ ಗಂಡ ಕುರಿ ರೊಪ್ಪದಿಂದಲೇ ಏನಾಯ್ತು ಎಂದು ಕೂಗಿದ. ಅತ್ತೆ ಆಗಲೇ ರಾಂಪುರಕ್ಕೆ ಫೋನ್ ಹಚ್ಚಿದ್ದರು.

"ಅಕ್ಕಾ, ಪಾಸಾದ್ಲು. ಹ್ಞೂಂ. ನೀನು ತುಂಬಿದ ಉಡಿದೇ ಪುಣ್ಯ."

"ಅತ್ತೆ, ಬರೆದಿದ್ದು ನಾನು," ಎಂದಳು ತಂಗಿ.

ಅತ್ತೆ ಫೋನಿಗೆ ಕೈ ಅಡ್ಡ ಹಿಡಿದು ಅವಳ ಕಡೆ ತಿರುಗಿದರು.

"ಬರೆದೋಳು ನೀನು, ಸರದಿ ಬಿಟ್ಟುಕೊಟ್ಟೋಳು ನಾನು, ಅದು ನನಗೆ ಗೊತ್ತಿಲ್ವಾ? ಅಕ್ಕನಿಗೂ ಒಂದಿಷ್ಟು ಪಾಲು ಕೊಡೇ. ನಾಳೆ ನಿನ್ನ ಕೆಲಸಕ್ಕೆ ಕರೆದಾಗ ಉಡಿ ತುಂಬು ಅಂತ ಮತ್ತೆ ಅವಳ್ನೇ ಕೇಳಾಕೆ ಹೋಗ್ಬೇಕು."

ಆಮೇಲೆ ಫೋನ್ ಮುಗಿಸಿ, ಒಲೆಯ ಮುಂದಿನ ಮಣೆಯನ್ನು ಕಾಲಿನಿಂದ ತಂಗಿಯ ಕಡೆ ತಳ್ಳಿ, ಮಂಡಿ ನೀವಿಕೊಳ್ಳುತ್ತಾ ಗೋಡೆಗೆ ಒರಗಿ ಕುಳಿತರು.

"ಕೆಲಸ ಸಿಗೋ ತಂಕ ಮುದ್ದೆ ನಿಂದು," ಎಂದರು.